ಕಾಫಿ ಕಣದಲ್ಲಿ ಒಣಗಿದ ರ‍್ಯಾಮ್

ಆ ದಿನ ನಿಜವಾಗಿ ಏನಾಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನನ್ನ ಹೆಂಡತಿ ಸುಮಿತ್ರ ಒಂದು ಬಗೆಯಾಗಿ ಹೇಳುತ್ತಾಳೆ, ಪಕ್ಕದ ತೋಟದ ಪುಟ್ಟೇಗೌಡರು ಇನ್ನೊಂದು ಬಗೆಯಾಗಿ. ನನಗೆ ನೆನಪಿರುವ ಪ್ರಕಾರ ನನ್ನ ತಪ್ಪು ಬಹಳ ಕಡಿಮೆ. ಆದ್ದರಿಂದಲೇ ನನ್ನ ನೆನಪಿನ ಮೇಲೆ ನನಗೆ ಅನುಮಾನ.

ಅನುಮಾನ ನನ್ನ ಹಳೆಯ ಚಟ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿ ಕಲಿತದ್ದು ಅದೊಂದೇ. ಊರವರು ನನ್ನನ್ನು ಮೇಷ್ಟ್ರೇ ಎನ್ನುವುದೂ ಆ ಓದಿನಿಂದಲೇ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ. ಕಂಡಕ್ಟರ್ ಹೇಳಿದ ಮೇಲೆ ಪಕ್ಕದ ಸೀಟಿನವರನ್ನು ಕೇಳುತ್ತೇನೆ.

ಸುಮಿತ್ರ ಮನೆಯಲ್ಲೇ ಕೂತು ಮದುವೆ ಆಲ್ಬಮ್ ವಿನ್ಯಾಸ ಮಾಡುತ್ತಾಳೆ. ಆ ವಾರ ಅವಳ ಕೈಯಲ್ಲಿದ್ದದ್ದು ಸಕಲೇಶಪುರದ ಕಾಫಿ ವ್ಯಾಪಾರಿ ಯೂಸುಫ್ ಸಾಹೇಬರ ಮಗಳು ರೆಹಾನಾಳ ಆಲ್ಬಮ್. ಹುಡುಗಿ ಭಾನುವಾರ ಗಂಡನ ಮನೆಗೆ ಹೊರಡುವವಳು, ಆಲ್ಬಮನ್ನು ಜೊತೆಗೇ ಒಯ್ಯಬೇಕೆಂದು ಆಸೆಪಟ್ಟಿದ್ದಳು. ಗುರುವಾರ ಸಂಜೆಯೊಳಗೆ ನಲವತ್ತೂ ಪುಟ ಪ್ರೆಸ್ಸಿಗೆ ಕಳಿಸುತ್ತೇನೆಂದು ಸುಮಿತ್ರ ಮಾತು ಕೊಟ್ಟಿದ್ದಳು.

ಸೋಮವಾರ ಅವಳು, ಕಂಪ್ಯೂಟರ್ ಸ್ವಲ್ಪ ನಿಧಾನವಾಗಿದೆ ಎಂದು ಗೊಣಗಿದಳು. ಗೊಣಗಿದ್ದಷ್ಟೇ. ನಾನು ಅದನ್ನು ಮನವಿಪತ್ರವೆಂದು ಸ್ವೀಕರಿಸಿ ಕೂಡಲೇ ಕಾರ್ಯಪ್ರವೃತ್ತನಾದೆ!

ಅದೊಂದು ಭಾರಿ ವರ್ಕ್‌ಸ್ಟೇಷನ್. ಎತ್ತಲು ಇಬ್ಬರು ಬೇಕು. ಒಳಗಿದ್ದ ರ‍್ಯಾಮ್, ಅಂದರೆ ಕೆಲಸದ ಹೊತ್ತಿನ ನೆನಪು, ಹದಿನಾರು ಜಿಬಿ. ಅದು ಏನೇನೂ ಸಾಲದೆಂದು ತೀರ್ಮಾನಿಸಿ, ಸಕಲೇಶಪುರಕ್ಕೆ ಹೋಗಿ ಎರಡು ಹೊಸ ರ‍್ಯಾಮ್ ಪಟ್ಟಿ ತಂದೆ. ಅಂಗಡಿಯವನು ತಾನೇ ಬಂದು ಹಾಕಿಕೊಡುತ್ತೇನೆ ಎಂದ. ಅವನ ಸಾಮರ್ಥ್ಯಕ್ಕೆ ಪುರಾವೆಯಿರಲಿಲ್ಲ. ಬೇಡವೆಂದೆ.

ಮಂಗಳವಾರ ಸುಮಿತ್ರ ಆಲೂರಿನ ತಾಲ್ಲೂಕು ಕಚೇರಿಗೆ ಹೋದ ಹೊತ್ತು ನೋಡಿ ಪೆಟ್ಟಿಗೆ ಬಿಚ್ಚಿದೆ. ಹಳೆಯ ಎರಡು ಪಟ್ಟಿ ಕಿತ್ತು, ಹೊಸ ಎರಡನ್ನು ಗೂಡಿಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಪರದೆ ಕಪ್ಪು. ಪೆಟ್ಟಿಗೆ ಮಾತ್ರ ಬೀಪ್, ಬೀಪ್ ಎಂದು ಕೂಗಿತು. ಗಾಬರಿಯಾಗಿ ಹಳೆಯವನ್ನೇ ಮತ್ತೆ ಹಾಕಿದೆ. ಅದೇ ಕೂಗು.

ಹೊಸದೂ ಇಲ್ಲ, ಹಳೆಯದೂ ಇಲ್ಲ ಎಂದರೆ ಎರಡಕ್ಕೂ ಸಮಾನವಾದ ಕಾರಣವೊಂದಿರಬೇಕು. ತರ್ಕಶಾಸ್ತ್ರ! ಹೊರಗೆ ನೋಡಿದೆ. ಬೆಳಗಿನ ಮಂಜು ಆಗ ತಾನೆ ಕರಗುತ್ತಿತ್ತು. ತೇವ! ನಮ್ಮ ಕಡೆ ಯಾವುದು ಕೆಟ್ಟರೂ ಮೊದಲ ಚಿಕಿತ್ಸೆ ಬಿಸಿಲು. ನೀರಿಗೆ ಬಿದ್ದ ಮೊಬೈಲನ್ನು ಪುಟ್ಟೇಗೌಡರು ಕಾಫಿ ಹಣ್ಣು ಹರಡುವ ಕಣದಲ್ಲಿ ಒಣಗಿಸಿ ಬದುಕಿಸಿದ್ದನ್ನು ನಾನೇ ಕಂಡಿದ್ದೆ. ಜೀವಮಾನದಲ್ಲಿ ಅನುಮಾನಪಡದೆ ನಂಬಿದ ಒಂದೇ ಸಿದ್ಧಾಂತ ಅದು.

ಗೌಡರ ಕಣದ ಮೂಲೆಯಲ್ಲಿ ಪೇಪರ್ ಹಾಸಿ ನಾಲ್ಕೂ ಪಟ್ಟಿಗಳನ್ನು ಸಾಲಾಗಿ ಇಟ್ಟೆ. ಪೇಪರಿನ ಮೇಲೆ ಕಲ್ಲು ಇಟ್ಟೆನೆಂದು ನನ್ನ ನೆನಪು. ಯಾವ ಕಲ್ಲೂ ಇರಲಿಲ್ಲವೆಂದು ಗೌಡರ ಹೇಳಿಕೆ. ಮನೆಗೆ ಬಂದು ಕೊಂಚ ಅಡ್ಡಾದೆ. ಎದ್ದು ಹೋಗುವಷ್ಟರಲ್ಲಿ ಕಣ ಖಾಲಿ! ಒಣಗಿದ ಕಾಫಿಯೆಲ್ಲ ಹನ್ನೊಂದು ಚೀಲದಲ್ಲಿ ಬಾಯಿ ಹೊಲಿಸಿಕೊಂಡು ನಿಂತಿತ್ತು.

ಕಾಫಿ ಕೆದಕುವ ಜಯಮ್ಮನನ್ನು ಕೇಳಿದೆ.

"ಪೇಪರು ಗಾಳಿಗೆ ಹಾರೋಯ್ತು ಕಣಣ್ಣ. ಅದೇನೋ ಬಾಚಣಿಗೆ ಚೂರಿನಂಗೆ ಎರಡು ಕಾಣ್ತು, ಬೇಲಿ ಆಚೆ ಎಸ್ದೆ. ಮಿಕ್ಕಿದ್ದು ನಂಗೊತ್ತಿಲ್ಲ."

ಗೌಡರು ಚೀಲಗಳ ಹೊಲಿಗೆ ಬಿಚ್ಚಿಸಿದರು. ಒಂಬತ್ತನೆಯ ಚೀಲ ಸುರಿಯುವಾಗ ಹೇಳಿದರು: "ಮೇಷ್ಟ್ರೇ, ಮೊಬೈಲ್ ನೀರಿಗೆ ಬಿದ್ದಿತ್ತು, ಒಣಗಿಸ್ದೆ. ನಿಮ್ದು ಎಲ್ಲಿಗೆ ಬಿದ್ದಿತ್ತು?"

ಹೊಸ ಪಟ್ಟಿಯೊಂದು ಚೀಲದಲ್ಲಿ ಸಿಕ್ಕಿತು. ಹಳೆಯದೊಂದು ಬೇಲಿಯಾಚೆ, ಯಾರದೋ ತುಳಿತಕ್ಕೆ ಎರಡಾಗಿ ಸಿಕ್ಕಿತು. ಉಳಿದೆರಡು ಇವತ್ತಿಗೂ ಪತ್ತೆಯಿಲ್ಲ. ಸಿಕ್ಕಿದ್ದನ್ನು ಒರೆಸಿ ಹಾಕಿದೆ. ಬೀಪ್.

ಅಷ್ಟರಲ್ಲಿ ಸುಮಿತ್ರ ಬಂದಳು. ಬಿಚ್ಚಿದ ಪೆಟ್ಟಿಗೆ ನೋಡಿದಳು, ನನ್ನ ತಲೆಯಲ್ಲಿದ್ದ ಕಾಫಿ ಸಿಪ್ಪೆ ನೋಡಿದಳು. ತೇವದ ಸಿದ್ಧಾಂತವನ್ನು ನಾನು ಸವಿಸ್ತಾರವಾಗಿ ಮಂಡಿಸಿದೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಪೆನ್ ಡ್ರೈವಲ್ಲಿ ಹತ್ತು ಪುಟ ಐತೆ. ಮಿಕ್ಕಿದ್ದು ಈ ಪೆಟ್ಟಿಗೆ ಒಳಗೇ ಐತೆ, ರಿಪೇರಿಗೆ ಕಾಯೋಕೆ ಹೊತ್ತಿಲ್ಲ. ಮೂವತ್ತು ಮತ್ತೆ ಮಾಡ್ಬೇಕು," ಎಂದಳು. "ಗುರುವಾರದ ತನಕ ನೀವು ಏನನ್ನೂ ಸರಿ ಮಾಡ್ಬೇಡಿ. ಅಷ್ಟು ಉಪಕಾರ ಮಾಡಿ."

ಬುಧವಾರ ಮೊದಲ ಬಸ್ಸಿಗೆ ಸಕಲೇಶಪುರಕ್ಕೆ ಹೋದಳು. ಆ ಮದುವೆಯ ಫೋಟೊ ತೆಗೆದಿದ್ದ ಸ್ಟುಡಿಯೋದಲ್ಲೇ ಕೂತು, ಎರಡು ದಿನ ಬೆನ್ನು ಬಗ್ಗಿಸಿ, ಮೂವತ್ತು ಪುಟವನ್ನೂ ಹೊಸದಾಗಿ ಮಾಡಿ ಗುರುವಾರ ಸಂಜೆ ಪ್ರೆಸ್ಸಿಗೆ ಕಳಿಸಿದಳು. ರೆಹಾನಾ ಭಾನುವಾರ ಆಲ್ಬಮ್ ಎದೆಗವಚಿಕೊಂಡೇ ಕಾರು ಹತ್ತಿದಳಂತೆ. ಸುಮಿತ್ರ ಗುರುವಾರ ರಾತ್ರಿ ಮನೆಗೆ ಬಂದವಳು ನಾನು ಮಾಡಿಕೊಟ್ಟ ಕಾಫಿ ಕುಡಿದು, ಕೈ ನೀವಿಕೊಳ್ಳುತ್ತ ಮಲಗಿದಳು.

ಶುಕ್ರವಾರ ಅಂಗಡಿಯವನನ್ನು ನಾನೇ ಕರೆಸಿದೆ. ಅವನು ಉಳಿದಿದ್ದ ಒಂದೇ ಪಟ್ಟಿಯನ್ನು ಗೂಡಿನಲ್ಲಿಟ್ಟು ಎರಡೂ ಹೆಬ್ಬೆರಳಿನಿಂದ ಬಲವಾಗಿ ಒತ್ತಿದ. ಟಕ್ ಎಂದಿತು. ಕಂಪ್ಯೂಟರ್ ಎದ್ದು ಕೂತಿತು. "ಪೂರ್ತಿ ಕೂರ್ಸಿಲ್ಲ ಸಾರ್ ನೀವು," ಎಂದ, ಬಹಳ ಗೌರವದಿಂದ.

ಕಲ್ಲು ಇಟ್ಟೆನೋ ಇಲ್ಲವೋ, ಎಷ್ಟು ಹೊತ್ತು ಮಲಗಿದ್ದೆನೋ, ಇವು ಇನ್ನೂ ತೀರ್ಮಾನವಾಗಿಲ್ಲ. ಒಂದು ಸಂಗತಿಯನ್ನು ಮಾತ್ರ, ಸ್ಟುಡಿಯೋಗೆ ಖುದ್ದಾಗಿ ಹೋಗಿ, ಎರಡು ಬಾರಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಸುಮಿತ್ರ ಎರಡು ದಿನದಲ್ಲಿ ಮೂವತ್ತು ಪುಟ ಮುಗಿಸಿದ ಆ ಕಂಪ್ಯೂಟರಿನಲ್ಲಿರುವ ರ‍್ಯಾಮ್ ಎಂಟು ಜಿಬಿ.