ಮಾವನ ಜುಟ್ಟು ಮತ್ತು ಐದು ಬೆರಳು

ಐವತ್ತೆಂಟನೇ ಇಸವಿಯ ಮಾಘಮಾಸದ ಒಂದು ಶನಿವಾರ, ಬೆಳಗಿನ ಪಾಳಿ ಬಿಡುವ ಹೊತ್ತಿನಲ್ಲಿ, ನಾನು ಉರಿಗಾಂನ ಚಿನ್ನದ ಗಣಿಯೊಂದರ ದೀಪದ ಕೋಣೆಯ ಕಿಟಕಿಯ ಬಳಿ ನಿಂತಿದ್ದೆ. ಗಣಿಯಿಂದ ಮೇಲೆ ಬಂದವರಿಂದ ದೀಪ ವಾಪಸು ಪಡೆಯುವುದು ನನ್ನ ಕೆಲಸ. ಕಿಟಕಿಗೂ ತಪಾಸಣೆಯ ಗೇಟಿಗೂ ನಡುವೆ ಹದಿನಾಲ್ಕು ಹೆಜ್ಜೆ. ಇಷ್ಟು ಖಚಿತವಾಗಿ ಹೇಳದಿದ್ದರೆ, ಒಬ್ಬ ಮನುಷ್ಯ ತನ್ನ ಜುಟ್ಟಿಗಾಗಿ ಗೇಟಿನವರನ್ನೆಲ್ಲ ಎದುರು ಹಾಕಿಕೊಂಡ ಎಂದರೆ ಯಾರು ನಂಬುತ್ತಾರೆ? ಆ ಮನುಷ್ಯ ನನ್ನ ಸೋದರಮಾವ!

ಬಂಗಾರಪೇಟೆಯ ನಮ್ಮ ಮನೆಯಲ್ಲೇ ಇದ್ದ ಮಾವ, ಗಣಿಗೆ ಸೇರಿದಾಗಿನಿಂದ, ಅಂದರೆ ಐದು ವರ್ಷದಿಂದ, ತಲೆಗೆ ಸೀಗೆಕಾಯಿ ಮುಟ್ಟಿಸಿರಲಿಲ್ಲ. ಸಾಬೂನು ಇರುವುದು ಪಂಚೆಯ ಕೊಳೆಗೆ. ಕೊಬ್ಬರಿ ಎಣ್ಣೆಯೂ ಬೇಡ, ಹರಳೆಣ್ಣೆಯೂ ಬೇಡ.

“ತಲೇಲೇ ದೇವ್ರು ಎಣ್ಣೆ ಮಡಗವ್ನೆ. ಬುಡದಿಂದ ತುದಿಗೆ ಸಾಗ್ಸೋದೊಂದೇ ನಮ್ ಕೆಲ್ಸ!”

ಸಾಗಿಸುವುದೆಂದರೆ ದಿನಾ ಬೆಳಗ್ಗೆ ಮರದ ಬಾಚಣಿಗೆಯಿಂದ ನಲವತ್ತು ಸಲ ಬಾಚುವುದು, ವಾರಕ್ಕೊಮ್ಮೆ ತಣ್ಣೀರು. ಆಮೇಲೆ ತಲೆಗೆ ಯಾರ ಕೈಯೂ ತಾಗಕೂಡದು, ಅವರದೂ ಸೇರಿ. ಕೈಯಾಡಿಸಿದರೆ ಎಣ್ಣೆ ಬುಡದಲ್ಲೇ ಮೆತ್ತಿಕೊಳ್ಳುತ್ತದಂತೆ, ಕೈಯ ಜಿಡ್ಡೂ ಸೇರಿ ಧೂಳು ಹಿಡಿಯುತ್ತದಂತೆ.

“ನವೆ ಬಂದ್ರೆ?” ಎಂದು ಗಣಿಗೆ ಹೋಗುವ ರೈಲಿನಲ್ಲಿ ಯಾರೋ ಕೇಳಿದರು.

“ಬಂದಂಗೆ ಓಯ್ತದೆ!”

ದೀಪಾವಳಿಯ ದಿನ ನಮ್ಮಮ್ಮ, ಅಂದರೆ ಅವರ ಅಕ್ಕ, ಎಣ್ಣೆ ಬಟ್ಟಲು ಹಿಡಿದು ಕರೆದರೆ ಮಾವ ದನದ ಕೊಟ್ಟಿಗೆಗೆ ಓಡುತ್ತಿದ್ದರು. “ಅಕ್ಕಾ, ಕೈ ಸೋಕುಸ್ಬೇಡ!” ಅಮ್ಮ ಬಟ್ಟಲನ್ನು ಸೆರಗಿನಿಂದ ಮುಚ್ಚಿ ಒಳಗೆ ಹೋಗುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಅವರ ಮಾತು ಸುಳ್ಳೇ? ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಎರಡು ದಿನ ರಜೆ ಸಿಕ್ಕರೆ ಆ ಕೂದಲು ರೇಷ್ಮೆ. ಕೆಲಸದ ದಿನಗಳಲ್ಲಿ ಬೆಲ್ಲದ ಪಾಕ! ಕಾರಣ, ಗೇಟು. ಚಿನ್ನದ ಪುಡಿ ಕೂದಲಲ್ಲೂ ಹೊರಗೆ ಹೋಗಬಹುದೆಂದು ಕಾವಲಿನ ಸೆಲ್ವರಾಜ ಪ್ರತಿಯೊಬ್ಬರ ತಲೆಯನ್ನೂ ತಡಕುತ್ತಿದ್ದ. ಮಾವನ ಜುಟ್ಟು ಅಂಟುತ್ತಿತ್ತು. ಅಂಟುವ ಜುಟ್ಟಿನ ಮೇಲೆ ಅವನಿಗೆ ಅನುಮಾನ. ಅನುಮಾನ ಬಂದರೆ ಇನ್ನಷ್ಟು ತಡಕುತ್ತಿದ್ದ. ತಡಕಿದಷ್ಟೂ ಜುಟ್ಟು ಇನ್ನಷ್ಟು ಅಂಟುತ್ತಿತ್ತು!

“ಎನ್ನಯ್ಯಾ ಇದು, ತಲೆಯಾ ಗಾಣವಾ?” ಎಂದು ತಮಿಳು ಬೆರೆಸಿ ಕೇಳುತ್ತಿದ್ದ.

“ಗಾಣ ನಿನ್ ಕೈಯಿ! ಓಗಿ ಅದನ್ನ ಸೀಗೆಕಾಯಲ್ಲಿ ತೊಳ್ಕೊಂಬಾ!”

ಆ ಶನಿವಾರ ಕಾವಲಿನ ದಫೇದಾರನೇ ಬಂದ. “ಸೋಮವಾರ ಬೋಳಿಸ್ಕೊಂಡು ಬಾ. ಇಲ್ಲಾ, ಕೆಲಸಕ್ಕೆ ಬರಬೇಡ” ಎಂದ. ಮಾವ ಸಾಲಿನಿಂದ ಮುಂದೆ ಬಂದರು.

“ಒಂದು ವಾರ ನನ್ ತಲೆ ಮುಟ್ಬೇಡಿ. ದಿನಾ ಬಿಳೀ ಬಟ್ಟೆ ಮೇಲೆ ನಾನೇ ಬಾಚಿ ಕೊಡವ್ತೀನಿ, ಬಟ್ಟೆ ನೋಡ್ಕೊಳ್ಳಿ. ಶನಿವಾರನೂ ಜುಟ್ಟು ಅಂಟಿದ್ರೆ ಈ ಗೇಟಲ್ಲೇ ಬೋಳುಸ್ಕೊಂತೀನಿ. ಕೆಲ್ಸಾನೂ ಬಿಡ್ತೀನಿ.”

ದಫೇದಾರ ಒಪ್ಪಿದ. ಬಹುಶಃ ತಮಾಷೆ ನೋಡುವ ಆಸೆ.

ಆರು ದಿನ ಮಾವ ಗೇಟಿನಲ್ಲಿ ತಲೆ ಬಗ್ಗಿಸಿ ಬಾಚಿದರು. ಆರನೆಯ ದಿನ, ಶನಿವಾರ, ಕ್ಷೌರದವನೊಬ್ಬ ಕತ್ತಿ ಮಸೆಯುತ್ತಾ ಕುಳಿತಿದ್ದ. ದಫೇದಾರ ಪೆನ್ಸಿಲಿನ ತುದಿಯಿಂದ ಜುಟ್ಟನ್ನು ಮೇಲೆತ್ತಿದ. ಅದು ಎಳೆಎಳೆಯಾಗಿ ಜಾರಿ ಬೆನ್ನಿನ ಮೇಲೆ ಬಿತ್ತು. ಬಟ್ಟೆಯ ಮೇಲೆ ಕಲ್ಲಿನ ಧೂಳು, ಮೂರು ನರೆಗೂದಲು. ಒಂದು ಹೇನೂ ಇಲ್ಲ!

“ಬಂಗಾರ ಸಿಗ್ನಿಲ್ಲ ಅಂತ ಬೇಜಾರಾ? ಮೂರೆಳೆ ಬೆಳ್ಳಿ ಬಿದ್ದೈತೆ, ತಗೊಳ್ಳಿ!” ಎಂದರು ಮಾವ.

ಮೊದಲು ನಕ್ಕವನು ಸೆಲ್ವರಾಜ. ದಫೇದಾರ ಪೆನ್ಸಿಲನ್ನು ಜೇಬಿಗಿಟ್ಟುಕೊಂಡು, “ಸೋಮವಾರನೂ ಬಟ್ಟೆ ತಗೊಂಡು ಬಾ” ಎಂದಷ್ಟೇ ಹೇಳಿ ಹೋದ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಂಜೆ ಮನೆಯ ಹಜಾರದಲ್ಲಿ ನಾನು ಇಡೀ ಕಥೆ ಹೇಳಿದೆ. ಅಮ್ಮ ನಗಲಿಲ್ಲ.

“ಗೆದ್ದೆ ಬಿಡು. ಗೇಟಿನವ್ರ ಕೈ ಬ್ಯಾಡ ಅಂದಿದ್ದು ಸರಿ ಕಣ್ಲಾ, ನನ್ ಕೈ ಯಾಕ್ ಬ್ಯಾಡಾಯ್ತು? ನನ್ ಕೈಯಾಗೂ ಜಿಡ್ಡಾ?”

ಮಾವ ಕೈಯ ಬಾಚಣಿಗೆಯನ್ನು ಪಕ್ಕಕ್ಕಿಟ್ಟರು.

“ದಿನಾ ಕಳ್ಳನ ತಲೆ ತಡಕ್ದಂಗೆ ತಡಕ್ತಿದ್ರಕ್ಕಾ. ಆ ತಲೇನ ತಂದು ನಿನ್ ಮುಂದೆ ಎಂಗೆ ಬಗ್ಗುಸ್ಲಿ?”

ಹಾಗೆಂದು ಅಮ್ಮನ ಮುಂದೆ ಮಣೆ ಎಳೆದುಕೊಂಡು ಕುಳಿತು ತಲೆ ಬಗ್ಗಿಸಿದರು. ಅಮ್ಮನ ಕೈ ಅರ್ಧಕ್ಕೇ ನಿಂತಿತು. “ಮುಟ್ಟುದ್ರೆ ಕೆಡ್ತದಲ್ಲೋ?”

“ಕೆಟ್ರೆ ಕೆಡ್ಲಿ. ನಾಳೆ ಭಾನ್ವಾರ.”

ಮಾವ ಈಗಿಲ್ಲ, ಅಮ್ಮನೂ ಇಲ್ಲ. ಗೇಟಿನಲ್ಲಿ ನಡೆದದ್ದಕ್ಕೆ ಸಾಕ್ಷಿಯಾಗಿ ಸೆಲ್ವರಾಜ ಇದ್ದಾನೆ, ರಾಬರ್ಟ್‌ಸನ್‌ಪೇಟೆಯಲ್ಲಿ. ಮನೆಯಲ್ಲಿ ನಡೆದದ್ದಕ್ಕೆ ನನ್ನ ತಂಗಿ ರತ್ನಮ್ಮ ಇದ್ದಾಳೆ, ಬೇತಮಂಗಲದಲ್ಲಿ. ಆ ಸಂಜೆ ಒಳಗಿನಿಂದ ಎಣ್ಣೆ ಬಟ್ಟಲು ತಂದವಳು ಅವಳು. “ಎಣ್ಣೆ ಒಳೀಕ್ ಮಡಗಮ್ಮಿ, ಅವನ ತಲೇಲೇ ಐತೆ” ಎಂದು ಅಮ್ಮ ಬರಿಗೈಯನ್ನೇ ಜುಟ್ಟಿನ ಮೇಲಿಟ್ಟದ್ದನ್ನು ನನಗಿಂತ ಹತ್ತಿರದಿಂದ ಕಂಡವಳೂ ಅವಳೇ.