ನಡು ಆಕಾಶದಲ್ಲಿ ಕೆಲಸ ಬಿಟ್ಟ ಹೈಡ್ರಾಲಿಕ್ ಎಣ್ಣೆಯವರಿಗೆ

ಮಾನ್ಯ ಹೈಡ್ರಾಲಿಕ್ ಎಣ್ಣೆಯವರೇ,

ಆಳಂದದ ನಮ್ಮ ಮನೆಯ ಕಂಪ್ಯೂಟರಿನೊಳಗೆ ಹಾರಾಡುವ ವಿಮಾನದಲ್ಲಿ ಮೊನ್ನೆಯವರೆಗೂ ಸೇವೆಯಲ್ಲಿದ್ದು, ಯಾರಿಗೂ ಹೇಳದೆ ಹೊರಟುಹೋದ ತಮಗೆ, ತಾವು ಈಗ ಯಾವ ಮೋಡದ ಮೇಲೆ ತೊಟ್ಟಿಕ್ಕುತ್ತಿದ್ದರೂ ಅಲ್ಲಿಗೇ, ನನ್ನ ಶರಣು ಶರಣಾರ್ಥಿಗಳು. ತಮ್ಮ ಹೊಸ ವಿಳಾಸ ತಿಳಿಯದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಯಿತು. ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಸಂಗತಿ ತಮಗೆ ಗೊತ್ತಿಲ್ಲದ್ದೇನಲ್ಲ. ನನ್ನ ನಾದಿನಿ ಶೈಲಶ್ರೀ ದೂರದ ಗುವಾಹಟಿಯಲ್ಲಿ ದಿನ ತುಂಬಿದ ಬಸುರಿ. ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ, ಬಾಣಂತನಕ್ಕೆ ಅವಳು ತವರಿಗೆ ಬರುವ ಬದಲು ತವರೇ, ಅಂದರೆ ಕರಜಗಿಯ ನಮ್ಮ ಅತ್ತೆ ದ್ರೌಪದಿಯವರೇ, ವಿಮಾನ ಹತ್ತಿ ಅಲ್ಲಿಗೆ ಹೋಗಬೇಕು. ಅತ್ತೆಯವರದು ಒಂದೇ ಹಟ: “ಕೆಳಗ ನೆಲಾ ಇಲ್ಲದ ಗಾಡ್ಯಾಗ ನಾ ಕೂಡಂಗಿಲ್ರಿ.” ಅವರ ಅಂಜಿಕೆ ಬಿಡಿಸಲೆಂದೇ ನಾನು ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಂಡು, ಸಿಮ್ಯುಲೇಟರಿನಲ್ಲಿ ವಿಮಾನ ಏರಿಸಿ, “ನೋಡ್ರಿ ಅತ್ತಿ, ಹೊಟ್ಯಾಗಿನ ನೀರು ಅಲಗಾಡಂಗಿಲ್ಲ” ಎಂದೆ. ತಾವು ಹೊರಡಲು ಆರಿಸಿಕೊಂಡ ಶುಭಮುಹೂರ್ತ ಅದೇ.

ಬಾಲದ ಹತ್ತಿರ ಏನೋ ಸಿಡಿದು ಕೊಳವೆಗಳು ಹರಿದವು, ಒಪ್ಪಿದೆ. ಆದರೆ ಒಬ್ಬರು ಹೋದರೆ ಇನ್ನೊಬ್ಬರಿರಲಿ ಎಂದೇ ತಮ್ಮನ್ನು ಮೂರು ಬೇರೆ ಬೇರೆ ಕೊಳವೆಗಳಲ್ಲಿ ಇಟ್ಟಿರುತ್ತಾರಂತೆ. ತಾವು ಮೂವರೂ ಲಗ್ನದ ಊಟಕ್ಕೆ ಹೊರಟ ಮನೆಮಂದಿಯ ಹಾಗೆ ಬಾಗಿಲು ಎಳೆದುಕೊಂಡು ಒಟ್ಟಿಗೇ ನಡೆದುಬಿಟ್ಟಿರಿ. ಈ ಪರಿಯ ಒಗ್ಗಟ್ಟನ್ನು ನಾನು ನಮ್ಮ ಓಣಿಯಲ್ಲಿ ನಲ್ಲಿ ನೀರು ಬಂದಾಗಲೂ ಕಂಡವನಲ್ಲ. ತಮ್ಮ ಒತ್ತಡವಿಲ್ಲದೆ ನನ್ನ ಕೈಯಲ್ಲಿದ್ದ ಸ್ಟೀರಿಂಗು ಆ ಕ್ಷಣದಿಂದ ದನ ಕಟ್ಟಲೂ ಬಾರದ ಗೂಟವಾಯಿತು.

ಊರಿನ ಕಬ್ಬಿನ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಕೆಟ್ಟದ್ದನ್ನು ಬೇಕಾದಷ್ಟು ಕಂಡ ಅತ್ತೆಯವರು ಮೊದಲಿಗೆ ಗಾಬರಿಯಾಗಲಿಲ್ಲ. “ಬಾಜೂಕ ಬೇವಿನ ಗಿಡದ ಕೆಳಗ ಹಚ್ಚಿ ನಿಂದ್ರಸ್ರಿ ಅಳಿಯಂದ್ರ, ಮಿಸ್ತ್ರಿ ಬರಲಿ” ಎಂದರು. ಜೇವರ್ಗಿ ಬಸ್ಸು ಓಡಿಸಿ ನಿವೃತ್ತರಾದ ನೆರೆಮನೆಯ ಶಾಂತಲಿಂಗಪ್ಪನವರು ಬಾಗಿಲಲ್ಲಿ ನಿಂತೇ, “ಮೊದಲ ಮಂದಿನ ಇಳಸ್ರಿ, ಭಾರ ಕಮ್ಮಿ ಆಗ್ತದ” ಎಂದು ತಮ್ಮ ಅನುಭವ ಸೇರಿಸಿದರು. ಇಲ್ಲೆಲ್ಲೂ ಇಳಿಯಲಾಗದು ಎಂದು ನಾನು ಹೇಳುವಷ್ಟರಲ್ಲಿ ಅತ್ತೆಯವರು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು. ಆದಕಾರಣ ನನ್ನ ನಮ್ರ ವಿನಂತಿ: ಇನ್ನು ಮುಂದೆ ತಾವು ಬಿಟ್ಟುಹೋಗುವುದಿದ್ದರೆ ಬೇವಿನ ಗಿಡವಿರುವ ಮೋಡವನ್ನೇ ನೋಡಿ ಹೋಗಬೇಕು, ಪಕ್ಕದಲ್ಲಿ ಚಹಾದ ಅಂಗಡಿಯೂ ಇದ್ದರೆ ಇನ್ನೂ ಲೇಸು.

ತಮ್ಮ ಗೈರುಹಾಜರಿಯಿಂದ ನನ್ನ ವಿದ್ಯೆ ಬೆಳೆದದ್ದನ್ನು ಮರೆಯಲಾರೆ. ಎಡಗಡೆಯ ಎಂಜಿನ್ನಿಗೆ ಜೋರು ಕೊಟ್ಟರೆ ವಿಮಾನ ಬಲಕ್ಕೆ ಹೊರಳುತ್ತದೆ, ಬಲಗಡೆಯದಕ್ಕೆ ಕೊಟ್ಟರೆ ಎಡಕ್ಕೆ. ಎರಡಕ್ಕೂ ಕೊಟ್ಟರೆ ಮೂಗೆತ್ತುತ್ತದೆ, ಎರಡನ್ನೂ ಇಳಿಸಿದರೆ ಮೂಗು ಬಾಗಿಸುತ್ತದೆ. ಇದೆಲ್ಲವನ್ನೂ ಹೇಳಿದ ಕೂಡಲೇ ಮಾಡದೆ, ಕಚೇರಿಯ ಗುಮಾಸ್ತರಂತೆ ತುಸು ಯೋಚಿಸಿ, ನಾವು ಆಸೆ ಬಿಟ್ಟ ಮೇಲೆ ಮಾಡುತ್ತದೆ. ಕೊಂಡಿ ಬಿಡಿಸಿದ್ದೇ ತಡ, ಚಕ್ರಗಳು ಪಾಪ, ತಮ್ಮಂಥವರ ಹಾದಿ ಕಾಯದೆ ಸ್ವಂತ ಭಾರಕ್ಕೇ ಇಳಿದು ನಿಂತವು. ವೇಗ ತಗ್ಗಿಸುವ ರೆಕ್ಕೆಯ ಪಟ್ಟಿಗಳು ಮಾತ್ರ ಬಿಚ್ಚಲಿಲ್ಲ, ಬ್ರೇಕು ಹಿಡಿಯಲಿಲ್ಲ. ಅಲ್ಲೆಲ್ಲ ತಾವೇ ಬೇಕಿತ್ತಂತೆ. ಹಾಗೂ ಹೀಗೂ ನೆಲ ಮುಟ್ಟಿದೆವು; ಕಲಬುರಗಿಯ ರನ್‌ವೇ ಮುಗಿಯಿತು, ನಮ್ಮ ಓಟ ಮುಗಿಯಲಿಲ್ಲ. ಹಸಿರು ಹೊಲದೊಳಗೆ ನುಗ್ಗಿ, ಒಂದು ರೆಕ್ಕೆ ಮುರಿದುಕೊಂಡು ವಿಮಾನ ನಿಂತಿತು. ಪ್ರಯಾಣಿಕರೆಲ್ಲ ಬದುಕಿದ್ದಾರೆ ಎಂದು ಪರದೆ ಸಾರಿತು. ನಾನು ಎದೆಯುಬ್ಬಿಸಿ ಅತ್ತೆಯವರತ್ತ ತಿರುಗಿದರೆ ಅವರು ಕೇಳಿದ್ದು ಇಷ್ಟೇ: “ತೊಗರಿ ಯಾರದ್ರೀ ಅದು?”

ಅಷ್ಟರಲ್ಲಿ ಗುವಾಹಟಿಯಿಂದ ಫೋನು. “ಅವ್ವ ಬರ್ತಾಳೋ ಇಲ್ಲೋ ಹೇಳ್ರಿ ಮಾಮಾ, ನಂಗ ಭಾಳ ಅಂಜಿಕಿ ಆಗ್ಯಾದ” ಎನ್ನುವ ಶೈಲಶ್ರೀಯ ದನಿಯಲ್ಲಿ ಅಳು ತುಂಬಿತ್ತು. ಅತ್ತೆಯವರು ಫೋನು ಕಸಿದುಕೊಂಡು, ಮುರಿದ ರೆಕ್ಕೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹೇಳಿದರು: “ಅಳಬ್ಯಾಡ ಯವ್ವಾ, ಬರ್ತೇನಿ. ಅಲ್ಲಿ ಓಡಸಾವ್ರು ನಿಮ್ಮ ಮಾಮಾ ಅಲ್ಲಂತ.”

ಹೀಗೆ, ಬಾಣಂತನಕ್ಕೆ ದಾರಿ ಮಾಡಿಕೊಟ್ಟದ್ದಕ್ಕೆ ತಮಗೆ ಶಾಲು ಹೊದಿಸಬೇಕೋ, ನನ್ನ ಮಾನ ಹರಾಜು ಹಾಕಿದ್ದಕ್ಕೆ ದೂರು ಕೊಡಬೇಕೋ ತಿಳಿಯದೆ ತೊಳಲಾಡುತ್ತಿರುವ,

ತಮ್ಮ ವಿಶ್ವಾಸಿ
(ಆ ವಿಶ್ವಾಸವೂ ಅದೇ ಕೊಳವೆಯಿಂದ ಸೋರಿಹೋಗಿದೆ)
ಅಜಯಕುಮಾರ, ಆಳಂದ

ತಾ.ಕ.: ಮಗಳ ಮನೆಗೆಂದು ಅತ್ತೆಯವರು ಗಾಣದ ಕುಸುಬಿ ಎಣ್ಣೆಯ ಡಬ್ಬಿಯನ್ನು ಬಿಗಿಯಾಗಿ ಕಟ್ಟಿಸಿಕೊಂಡಿದ್ದಾರೆ. “ದಾರ್ಯಾಗ ಪೈಲಟ್ ಸಾಹೇಬ್ರಿಗೆ ಕಮ್ಮಿ ಬಿದ್ರ ಅರ್ಧಾ ಕೊಟ್ರಾತು” ಎಂದೂ ತೀರ್ಮಾನಿಸಿದ್ದಾರೆ. ಆದ್ದರಿಂದ ತಾವು ಮರಳಿ ಬರುವ ತೊಂದರೆ ತೆಗೆದುಕೊಳ್ಳಬಾರದು. ತಮ್ಮ ಜಾಗ ಭರ್ತಿಯಾಗಿದೆ.