ಅಕ್ಕನೂ ಬಗ್ಗುವ ಕಾರ್ಡು

ಆರು ವರ್ಷದ ಮೌನಕ್ಕೆ ಕಾರಣ ಒಂದಿಂಚು ಬಟ್ಟೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಒಡಹುಟ್ಟಿದವರ ಜಗಳಕ್ಕೆ ಅಷ್ಟು ಬಟ್ಟೆ ಧಾರಾಳವಾಗಿ ಸಾಕು.

ನಡೆದದ್ದು ಇಷ್ಟೆ. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್‌ಗೆ ಇಪ್ಪತ್ತೈದು ವರ್ಷದ ಸೇವೆ ಮುಗಿಯಿತೆಂದು ಒಂದು ಸನ್ಮಾನ ಏರ್ಪಾಡಾಯಿತು. ಅದಕ್ಕೆಂದೇ ಅವನ ಅಕ್ಕ ಕೋಟು ಹೊಲಿದುಕೊಟ್ಟಳು. ಅಕ್ಕನದು ಟೈಲರ್ ಅಂಗಡಿ, ಅಳತೆಯಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂಬ ಹೆಸರು. ವೇದಿಕೆಯ ಮೇಲೆ ಫಲಕ ಈಸಿಕೊಳ್ಳಲು ಇವನು ಕೈ ಚಾಚಿದ. ಎಡದ ತೋಳು ಸರ್ರನೆ ಮೇಲೆ ಹೋಯಿತು. ಕೈಗಡಿಯಾರ, ಅದರ ಹರಿದ ಬೆಲ್ಟು, ಬೆಲ್ಟಿಗೆ ಸುತ್ತಿದ್ದ ದಾರ, ಎಲ್ಲದರ ದರ್ಶನವೂ ಇಡೀ ಸಭೆಗಾಯಿತು. ಕೆಳಗಿಳಿದು ಬಂದವನು ನಾಲ್ಕು ಜನರ ಎದುರಿಗೇ ಅಂದುಬಿಟ್ಟ: "ಅಕ್ಕಾ, ಎಡಗಡೆ ತೋಳು ಒಂದಿಂಚು ಗಿಡ್ಡ ಆಗಿದೆಯಲ್ಲ!"

"ತೋಳು ಸರಿಯಾಗಿದೆ. ನಿನ್ನ ಕೈಯೇ ಒಂದಿಂಚು ಜಾಸ್ತಿ," ಎಂದಳು ಅಕ್ಕ.

ಆ ನಾಲ್ಕು ಜನ ನಕ್ಕರು. ನನ್ನನ್ನು ನೋಡಿ ನಕ್ಕರು ಎಂದುಕೊಂಡ ಇವನು. ನನ್ನನ್ನು ನೋಡಿ ನಕ್ಕರು ಎಂದುಕೊಂಡಳು ಅವಳು. ಅಲ್ಲಿಗೆ ಮಾತು ನಿಂತಿತು. ತಪ್ಪು ಅವಳದು, ಅವಳೇ ಮೊದಲು ಬಗ್ಗಲಿ ಎಂದು ಇವನ ಹಟ. ಚಿಕ್ಕವನು ಅವನು, ಅವನೇ ಬಗ್ಗಲಿ ಎಂದು ಅವಳ ಹಟ. ಅಂಗಡಿ ಇದ್ದದ್ದು ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲೇ. ಅದರ ಮುಂದೆ ಹಾಯಬಾರದೆಂದು ಬೈಂಡರ್ ಆರು ವರ್ಷದಿಂದ ದಿನಾ ಮೂರು ಬೀದಿ ಸುತ್ತಿ ಕೆಲಸಕ್ಕೆ ಹೋಗುತ್ತಿದ್ದ. ಮನುಷ್ಯ ಚಪ್ಪಲಿ ಸವೆಸಿದನೇ ಹೊರತು ಹಟ ಸವೆಸಲಿಲ್ಲ.

ಹೀಗಿರುವಾಗ ಹೋದ ತಿಂಗಳು ಅವನ ಹೆಂಡತಿ ಒಂದು ಸುದ್ದಿ ತಂದಳು.

"ರೀ, ನಿಮ್ಮಕ್ಕ ಅಂಗಡಿ ಮುಚ್ತಾರಂತೆ. ಮಗಳ ಊರಿಗೆ ಹೋಗಿಬಿಡ್ತಾರಂತೆ. ಬರೋ ಹದಿನೆಂಟಕ್ಕೆ, ಸಂಜೆ ನಾಲ್ಕು ಗಂಟೆಗೆ ಕಾರು ಹೇಳಿದ್ದಾರೆ. ಮತ್ತೆ ಈ ಕಡೆ ಬರೋ ಹಾಗೆ ಕಾಣೋದಿಲ್ಲ."

ಅಮ್ಮ ತೀರಿಕೊಂಡಾಗ ಬೈಂಡರ್‌ಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ತಲೆ ಬಾಚಿದವಳು, ಶಾಲೆಗೆ ಕೈಹಿಡಿದು ನಡೆಸಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದವಳು ಅವಳೇ. ಮಾತಾಡದಿದ್ದರೂ ಮೂರು ಬೀದಿಯಾಚೆ ಇದ್ದಾಳಲ್ಲ ಎಂಬ ಧೈರ್ಯವೊಂದಿತ್ತು. ಅವಳು ಹೋದರೆ ಹುಟ್ಟಿದ ಮನೆಯವರು ಎನ್ನುವವರೇ ಹೋದ ಹಾಗೆ. ಇದೆಲ್ಲ ಅವನಿಗೆ ಗೊತ್ತು. ಆದರೆ "ತಪ್ಪಾಯ್ತು" ಎನ್ನಲು ಮಾತ್ರ ಜಪ್ಪಯ್ಯ ಅಂದರೂ ನಾಲಿಗೆ ಏಳದು. ಏಕೆಂದರೆ ತೋಳು ಗಿಡ್ಡವೇ ಆಗಿತ್ತು!

ನಾಲಿಗೆ ಒಲ್ಲೆ ಎಂದ ಕೆಲಸವನ್ನು ಅವನು ಕೈಗೆ ಒಪ್ಪಿಸಿದ. ತೆರೆದ ಕೂಡಲೆ ಅರಮನೆ, ಆನೆಗಳು ಎದ್ದು ನಿಲ್ಲುವ ಮಕ್ಕಳ ಪುಸ್ತಕಗಳು ರಿಪೇರಿಗೆ ಬಂದು ಬಂದು ಅವನಿಗೆ ಆ ವಿದ್ಯೆ ಕರಗತವಾಗಿತ್ತು. ದಪ್ಪ ಕಾಗದ ಕತ್ತರಿಸಿ, ಮಡಿಸಿ, ಅಂಟಿಸಿ, ಮೂರು ವಾರ ಕೂತು ಒಂದು ಕಾರ್ಡು ಮಾಡಿದ. ತೆರೆದರೆ ಒಳಗಿನಿಂದ ಕಾಗದದ ಅಕ್ಕ, ಕಾಗದದ ತಮ್ಮ ಎದುರುಬದುರಾಗಿ ಎದ್ದು ನಿಲ್ಲುತ್ತಿದ್ದರು. ಇಬ್ಬರ ಸೊಂಟದ ಹಿಂದೆಯೂ ಒಂದೊಂದು ಸಣ್ಣ ಕಾಗದದ ಪಟ್ಟಿ. ಕಾರ್ಡು ಪೂರ್ತಿ ತೆರೆದಾಗ ಪಟ್ಟಿ ಜಗ್ಗಿ ಇಬ್ಬರೂ ಬಗ್ಗುತ್ತಿದ್ದರು. ಒಟ್ಟಿಗೆ ಬಗ್ಗುತ್ತಿದ್ದರು. ಒಂದೇ ಅಳತೆಗೆ ಬಗ್ಗುತ್ತಿದ್ದರು. ಮೊದಲು ಯಾರು ಎಂಬ ಪ್ರಶ್ನೆಯೇ ಇಲ್ಲ. ಬೈಂಡರ್‌ನ ಮಾನವೆಲ್ಲ ಆ ಎರಡು ಪಟ್ಟಿಗಳ ಮೇಲೆ ನಿಂತಿತ್ತು.

ಅವನಿಗಿದ್ದ ಭಯ ಒಂದೇ. ಕಾಗದದ ಮಡಿಕೆಗೂ ಆಯಸ್ಸು ಇದೆ ಎಂಬುದು ಬೈಂಡರ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ಹದಿನೆಂಟರ ದಿನ ಬೆಳಗ್ಗೆ ಕಾರ್ಡನ್ನು ಹಾಳೆಯಲ್ಲಿ ಸುತ್ತಿ, ಇನ್ನು ಇದನ್ನು ತೆರೆಯುವ ಕೈ ಅಕ್ಕನದೇ ಎಂದು ನಿಶ್ಚಯಿಸಿದ. ಅಷ್ಟರಲ್ಲಿ ಸುತ್ತಿದ ಹಾಳೆಯನ್ನು ಹೆಂಡತಿ ಬಿಚ್ಚಿಯಾಗಿತ್ತು.

"ಒಂದೇ ಒಂದ್ಸಲ ರೀ... ಅಯ್ಯೋ, ಎಷ್ಟು ಚೆನ್ನಾಗಿ ಬಗ್ತಾರೆ! ಇನ್ನೊಂದ್ಸಲ ನೋಡ್ತೀನಿ ಇರಿ. ನಿಮ್ಮಕ್ಕನ ತುರುಬು ಇಷ್ಟು ದಪ್ಪ ಎಲ್ಲಿದೆ?"

"ಇತ್ತು," ಎಂದ ಬೈಂಡರ್. ಅವನು ಕೊನೆಯ ಸಲ ಸರಿಯಾಗಿ ನೋಡಿದ್ದು ಆರು ವರ್ಷದ ಹಿಂದೆ. ಹೆಂಡತಿ ಕಾರ್ಡು ಮುಚ್ಚಿ ಕೊಟ್ಟಳು.

ಹೆಂಡತಿಯ ಉದ್ಗಾರ ಕೇಳಿಸಿಕೊಂಡಿದ್ದ ಮಹಡಿ ಮನೆಯ ಲೆಕ್ಕದ ಮೇಷ್ಟ್ರು ಮೆಟ್ಟಿಲ ಬಳಿ ಅಡ್ಡಬಂದರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಕೋನಮಾಪಕ ಜೇಬಿನಲ್ಲಿಟ್ಟುಕೊಂಡೇ ಓಡಾಡುವ ಜೀವ.

"ಕಾರ್ಡಾ? ಬಗ್ತಾರಾ? ಎಷ್ಟು ಡಿಗ್ರಿ?"

"ಇಬ್ಬರೂ ಸಮ ಮೇಷ್ಟ್ರೇ. ನನಗೆ ಹೊತ್ತಾಯ್ತು."

"ಸಮ ಅಂತ ಬಾಯಲ್ಲಿ ಹೇಳಿದ್ರೆ ಆಯ್ತೇನಪ್ಪ? ಕೊಡಿಲ್ಲಿ." ಮೇಷ್ಟ್ರು ಮೆಟ್ಟಿಲ ಮೇಲೇ ಕೂತು ತೆರೆದರು. "ಅಕ್ಕ ಮೂವತ್ತೆಂಟು. ತಮ್ಮ ಮೂವತ್ತೇಳೂವರೆ. ಒಂದು ಸಲಕ್ಕೆ ನಂಬಬಾರದು, ನಾಲ್ಕು ಸಲ ನೋಡಿ ಸರಾಸರಿ ತೆಗೀಬೇಕು." ನಾಲ್ಕು ಸಲ ನೋಡಿದರು. ಆಮೇಲೆ ಕಾಗದದ ತಮ್ಮನ ಸೊಂಟವನ್ನು ಹೆಬ್ಬೆರಳ ಉಗುರಿನಿಂದ ಗಟ್ಟಿಯಾಗಿ ಒತ್ತಿ, "ಹಾಂ, ಈಗ ನ್ಯಾಯವಾಯ್ತು," ಎಂದು ಹಿಂದಿರುಗಿಸಿದರು. ಬೈಂಡರ್‌ಗೆ ತನ್ನ ಸೊಂಟವೇ ಚುಳ್ಳೆಂದಿತು.

ಗ್ರಂಥಾಲಯದಲ್ಲಿ ಮೂರು ಗಂಟೆಗೆ ಮುಂಚೆ ಬಿಡುವಿಲ್ಲ. ಕಾರ್ಡನ್ನು ಎರಡು ನಿಘಂಟುಗಳ ನಡುವೆ ಬಚ್ಚಿಟ್ಟು ಕೆಲಸಕ್ಕೆ ಕೂತ. ಆದರೆ ಮೇಷ್ಟ್ರು ದಿನಾ ಪತ್ರಿಕೆ ಓದಲು ಬರುವುದೂ ಅಲ್ಲಿಗೇ. ಅವರು ಬಂದ ಐದು ನಿಮಿಷಕ್ಕೆ ಇಡೀ ಓದುವ ಕೋಣೆಗೆ ಸುದ್ದಿ ಹಬ್ಬಿ, ಅಲ್ಲಿಂದ ಗ್ರಂಥಪಾಲಕಿಯ ಕಿವಿಗೂ ಬಿತ್ತು. ಮೌನ ಎಂದರೆ ಆಕೆಗೆ ಪ್ರಾಣ. ಮೂವತ್ತು ವರ್ಷದಲ್ಲಿ ಆಕೆ ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದವರಿಲ್ಲ.

"ಸ್ವಂತ ಸಾಮಾನು ಗ್ರಂಥಾಲಯದ ಪುಸ್ತಕದ ನಡುವೆ ಇಡಬಾರದು," ಎಂದು ಪಿಸುಗುಟ್ಟಿದರು ಆಕೆ. "ತೋರಿಸಿ."

ತೆರೆದರು. ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ತೆರೆದರು. "ಇದನ್ನ ಎಲ್ಲರೂ ನೋಡಬೇಕು," ಎಂದು ತಮ್ಮ ಮೇಜಿನ ಮೇಲಿಟ್ಟರು.

ಅಷ್ಟು ಸಾಕಾಯಿತು. ಓದುವ ಕೋಣೆಯ ಹಿರಿಯರೆಲ್ಲ ಪತ್ರಿಕೆ ಮಡಿಸಿಟ್ಟು ಸಾಲುಗಟ್ಟಿದರು. ಯಾರೂ ಕೆಮ್ಮಲಿಲ್ಲ. ದೊಡ್ಡ ಮನುಷ್ಯರ ಅಂತಿಮ ದರ್ಶನಕ್ಕೆ ಬಂದವರ ಹಾಗೆ ಒಬ್ಬೊಬ್ಬರೇ ಮುಂದೆ ಬಂದು, ಕಾರ್ಡು ತೆರೆದು, ಒಂದು ಗಳಿಗೆ ತಲೆತಗ್ಗಿಸಿ ನಿಂತು, ಮುಚ್ಚಿ ಮುಂದೆ ಸಾಗಿದರು. ಬಾಗಿಲ ಕಾವಲುಗಾರ ಕೈ ತೊಳೆದುಕೊಂಡು ಬಂದು ನೋಡಿದ. ನೋಡಿದವರಲ್ಲಿ ಕೆಲವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು.

ಬೈಂಡರ್ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ. ಇಪ್ಪತ್ತೊಂದು, ಇಪ್ಪತ್ತೆರಡು. ಅಯ್ಯೋ, ಸಾಕು ಮಾಡ್ರಪ್ಪ ಎಂದು ಕಿರುಚಬೇಕು ಎನ್ನಿಸಿತು. ಆದರೆ ತಲೆಯ ಮೇಲೆ 'ಮೌನವಾಗಿರಿ' ಎಂಬ ಫಲಕ ತೂಗುತ್ತಿತ್ತು, ಆ ಫಲಕಕ್ಕೆ ರಟ್ಟು ಕಟ್ಟಿದವನೂ ಇವನೇ.

"ತಮ್ಮ ಇನ್ನೂ ಸ್ವಲ್ಪ ಬಗ್ಗಬೇಕಿತ್ತು, ಚಿಕ್ಕವನಲ್ವಾ?" ಎಂದು ಪಿಸುಗುಟ್ಟಿದರು ಒಬ್ಬರು.

"ಯಾಕೆ ಬಗ್ಗಬೇಕು? ಗಿಡ್ಡ ಹೊಲಿದವರು ಯಾರು?" ಇನ್ನೊಬ್ಬರ ಪಿಸುಮಾತು.

ಪಿಸುಮಾತಿನಲ್ಲೇ ಎರಡು ಪಕ್ಷಗಳಾದವು. ಆ ಪಕ್ಷದವರು ಆ ಕಡೆಯಿಂದ, ಈ ಪಕ್ಷದವರು ಈ ಕಡೆಯಿಂದ ಕಾರ್ಡನ್ನು ಎಳೆದಾಡಿ ತೋರಿಸತೊಡಗಿದರು. ಗಡಿಯಾರ ಮೂರೂಕಾಲು ತೋರಿಸಿದಾಗ ಬೈಂಡರ್ ಯಾರ ಮುಖವನ್ನೂ ನೋಡದೆ ಕಾರ್ಡು ಕಿತ್ತುಕೊಂಡು, ಎದೆಗವಚಿಕೊಂಡು ಓಡಿದ. ಆರು ವರ್ಷದ ಮೇಲೆ ಮೊದಲ ಸಲ ನೇರ ದಾರಿಯಲ್ಲಿ ಓಡಿದ.

ಅಂಗಡಿ ಬರಿದಾಗಿತ್ತು. ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಕಟ್ಟಿಟ್ಟಾಗಿತ್ತು. ಹೊರಗೆ ಕಾರಿನ ಡ್ರೈವರ್ ಪೆಟ್ಟಿಗೆಗಳನ್ನು ಏರಿಸುತ್ತಿದ್ದ. ಉಳಿದ ಒಂದು ಪೆಟ್ಟಿಗೆಯ ಮೇಲೆ ಅಕ್ಕ ಕೂತಿದ್ದಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ತುರುಬು ನೆಲ್ಲಿಕಾಯಷ್ಟಾಗಿತ್ತು. ಬೈಂಡರ್ ಕಾರ್ಡು ಮುಂದೆ ಚಾಚಿದ.

ಅಕ್ಕ ಅವನನ್ನು ನೋಡಿದಳು, ಕಾರ್ಡನ್ನು ನೋಡಿದಳು, ತೆರೆದಳು.

ಕಾಗದದ ಅಕ್ಕ ಕಂಬದ ಹಾಗೆ ಎದ್ದು ನಿಂತಳು, ಬಗ್ಗಲೇ ಇಲ್ಲ. ಕಾಗದದ ತಮ್ಮ ಎದ್ದ, ಒಂದು ಸಲ ತೂಗಾಡಿದ, ಸೊಂಟದ ಮಡಿಕೆ ಕೈಬಿಟ್ಟು ದೊಪ್ಪನೆ ಮುಂದಕ್ಕೆ ಬಿದ್ದ. ಬಿದ್ದವನ ಎರಡೂ ಕೈ ಸರಿಯಾಗಿ ಕಾಗದದ ಅಕ್ಕನ ಪಾದದ ಮೇಲಿದ್ದವು.

ಅಕ್ಕ ಬಿದ್ದವನನ್ನು ಬೆರಳಿಂದ ಮುಟ್ಟಿ ನೋಡಿದಳು.

"ನೀನೇ ಮಾಡಿದ್ದಾ?"

"ಹೂಂ."

"ಇಷ್ಟು... ಇಷ್ಟು ಬಗ್ಗಿದ್ದೀಯಲ್ಲೋ!"

ನಿಜ ನಾಲಿಗೆಯ ತುದಿಗೆ ಬಂತು. ಮಡಿಕೆ, ಪಟ್ಟಿ, ಮೂವತ್ತೆಂಟು ಡಿಗ್ರಿ ಎಲ್ಲ ಸಾಲಾಗಿ ಬಂದು ನಿಂತವು. ಅಕ್ಕನ ಗದ್ದ ನಡುಗುತ್ತಿತ್ತು. ಬೈಂಡರ್ ಆರು ವರ್ಷದ ಹಟವನ್ನು ಒಂದೇ ಗುಟುಕಿಗೆ ನುಂಗಿದ.

"ಹೂಂ ಅಕ್ಕ. ಬಗ್ಗಿದ್ದೀನಿ."

ಅಕ್ಕ ಅವನನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅವನೂ ಅತ್ತ. "ಮಂಕೇ, ಕಾಲಿಗೆ ಬೀಳು ಅಂದಿದ್ನಾ ನಾನು? ಒಂಚೂರು ತಲೆ ಬಗ್ಗಿಸಿದ್ರೆ ಸಾಕಿತ್ತಲ್ಲೋ. ತೋಳು ಗಿಡ್ಡಾನೇ ಇತ್ತು ಕಣೋ. ಹೊಲಿಯೋವಾಗ್ಲೇ ಗೊತ್ತಿತ್ತು ನಂಗೆ. ಬಟ್ಟೆ ಸಾಲಲಿಲ್ಲ. ನೀನು ಅಷ್ಟುದ್ದ ಕೈ ಚಾಚ್ತೀಯ ಅಂತ ಯಾರಿಗೆ ಗೊತ್ತಿತ್ತು!" ಮೂಗು ಒರೆಸಿಕೊಂಡು ಅವನ ಮುಖ ಹಿಡಿದಳು. "ನನಗೇನು ಅಲ್ಲಿಗೆ ಹೋಗೋ ಆಸೆಯಾ? ಇಲ್ಲಿ ಯಾರೂ ನನ್ನವರಿಲ್ಲ ಅಂತ ಹೊರಟೆ. ನೀನು ಇರು ಅನ್ನು, ಈಗಲೇ ಪೆಟ್ಟಿಗೆ ಇಳಿಸ್ತೀನಿ."

ಬೈಂಡರ್ 'ಇರು' ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯೇ ಬೆಚ್ಚುವಂತೆ ಒಂದು ಕೂಗು ಕೇಳಿತು.

"ಬೈಂಡರ್! ತೆರೀಬೇಡಿ! ಕಾರ್ಡು ತೆರೀಬೇಡಿ!"

ಮೂವತ್ತು ವರ್ಷ ಪಿಸುಗುಟ್ಟಿದ್ದ ಗ್ರಂಥಪಾಲಕಿ ಕೂಗುತ್ತ ಓಡಿಬರುತ್ತಿದ್ದರು. ಹಿಂದೆ ಅಂಟಿನ ಬಾಟಲಿ ಹಿಡಿದ ಕಾವಲುಗಾರ, ಅವನ ಹಿಂದೆ ಏದುಸಿರು ಬಿಡುವ ಲೆಕ್ಕದ ಮೇಷ್ಟ್ರು. ಆಕೆ ಬೆರಳ ತುದಿಯಲ್ಲಿ ಒಂದು ಸಣ್ಣ ಕಾಗದದ ಪಟ್ಟಿ ಎತ್ತಿ ಹಿಡಿದು ಒಳಗೆ ನುಗ್ಗಿದರು.

"ನನ್ನ ಮೇಜಿನ ಕೆಳಗೆ ಬಿದ್ದಿತ್ತು. ಇದಿಲ್ದಿದ್ರೆ ನಿಮ್ಮಕ್ಕ ಬಗ್ಗೋದೇ ಇಲ್ಲ!"

ಅಕ್ಕ ನಿಧಾನವಾಗಿ ತಮ್ಮನನ್ನು ಬಿಟ್ಟು ತಿರುಗಿದಳು. "ಯಾರು ಬಗ್ಗೋದಿಲ್ಲ?"

ಬೈಂಡರ್ ಕಣ್ಣಲ್ಲೇ ಬೇಡಿಕೊಂಡ, ಕೈಸನ್ನೆ ಮಾಡಿದ, ಕೆಮ್ಮಿದ. ತೆರೆದೇ ಬಿದ್ದಿದ್ದ ಕಾರ್ಡನ್ನು ಮೇಷ್ಟ್ರು ಆಗಲೇ ನೋಡಿದ್ದರು, ಲೆಕ್ಕ ತಪ್ಪಾದರೆ ಅವರಿಗೆ ತಡೆಯುವುದಿಲ್ಲ.

"ತಪ್ಪು ತಿಳ್ಕೋಬೇಡಿ ಅಮ್ಮ. ಇವನು ನಿಮ್ಮ ಕಾಲಿಗೆ ಬಿದ್ದಿಲ್ಲ. ಅದು ಮಡಿಕೆ ಸವೆದು ಬಿದ್ದಿರೋದು. ನೀವಿಬ್ಬರೂ ಬಗ್ಗೋದು ಸರಿಸಮ, ಮೂವತ್ತೆಂಟು ಡಿಗ್ರಿ. ಖುದ್ದು ನಾನೇ ಅಳೆದಿದ್ದೀನಿ."

"ನಾವೆಲ್ಲ ಸಾಕ್ಷಿ ಅಕ್ಕಾವ್ರೇ," ಎಂದ ಕಾವಲುಗಾರ. "ಬೈಂಡರಣ್ಣ ಅಂಥವರಲ್ಲ."

ಗ್ರಂಥಪಾಲಕಿ ಅಷ್ಟರಲ್ಲಿ ಪೆಟ್ಟಿಗೆಯ ಮೇಲೆ ಕಾರ್ಡು ಹರಡಿ, ಪಟ್ಟಿ ಅಂಟಿಸಿ, ತಮ್ಮನ ಸೊಂಟಕ್ಕೊಂದು ತೇಪೆ ಹಾಕಿ, ಊದಿ ಒಣಗಿಸಿ ಅಕ್ಕನ ಕೈಗಿಟ್ಟರು. ಆಕೆಯ ಮುಖದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

ಅಕ್ಕ ತೆರೆದಳು. ಇಬ್ಬರೂ ಎದ್ದರು, ಒಟ್ಟಿಗೆ ಬಗ್ಗಿದರು. ಮುಚ್ಚಿ ಮತ್ತೆ ತೆರೆದಳು. ಕಾಗದದ ಅಕ್ಕ ಮತ್ತೆ ಬಗ್ಗಿದಳು. ಮೂರನೆಯ ಸಲ ಅಕ್ಕ ಕೊರಳಿನ ಟೇಪು ತೆಗೆದು ಎರಡು ತಲೆಗಳಿಗೂ ಹಿಡಿದು ನೋಡಿದಳು. ಒಂದು ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ಕೆಲಸ ಚೊಕ್ಕವಾಗಿದೆ," ಎಂದು ಕಾರ್ಡನ್ನು ಮಡಿಸಿ ತಮ್ಮನ ಕೈಗೆ ವಾಪಸು ಕೊಟ್ಟಳು. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಕೊನೆಯ ಪೆಟ್ಟಿಗೆಯನ್ನು ಡ್ರೈವರ್‌ಗೆ ತೋರಿಸಿ ಹೋಗಿ ಕಾರಿನಲ್ಲಿ ಕೂತಳು.

ಬೈಂಡರ್ ಹಿಂದೆಯೇ ಓಡಿ ಕಿಟಕಿ ಹಿಡಿದುಕೊಂಡ. "ಅಕ್ಕಾ, ಇರು ಅಕ್ಕಾ! ಈಗ ತಾನೇ ನೀನೇ ಅಂದ್ಯಲ್ಲ, ತೋಳು..."

"ಯಾವ ತೋಳು?" ಎಂದಳು ಅಕ್ಕ, ಮುಂದಿನ ರಸ್ತೆ ನೋಡುತ್ತ. "ತೋಳು ಸರಿಯಾಗೇ ಇತ್ತು."

ಡ್ರೈವರ್ ಕಾರು ಹೊರಡಿಸಿದ.